ಒಂದು ಡಿಗ್ರಿ ಅಂದ್ರೆ ಅಷ್ಟೇನಾ?

ಪ್ರಶ್ನೆ: ನಮ್ಮಲ್ಲಿ ಏಪ್ರಿಲ್‌ನಲ್ಲಿ 40 ಡಿಗ್ರಿ ಮಾಮೂಲು. ಭೂಮಿ ಒಂದು ಡಿಗ್ರಿ ಬಿಸಿಯಾಗಿದ್ದಕ್ಕೆ ಯಾಕಿಷ್ಟು ಗದ್ದಲ? ದ್ರಾಕ್ಷಿ ಒಣಗಿಸಲು ಬಿಸಿಲು ಜಾಸ್ತಿಯಾದರೆ ಒಳ್ಳೆಯದೇ ಅಲ್ವಾ?
– ದ್ರಾಕ್ಷಿ ಬೆಳೆಗಾರರು, ತಿಕೋಟಾ, ವಿಜಯಪುರ ಜಿಲ್ಲೆ

ಉತ್ತರ: ಬರೀ ಬಿಸಿಲು ಬರುವಂತಿದ್ದರೆ ನಿಮ್ಮ ಮಾತು ಒಪ್ಪಬಹುದಿತ್ತು ನೋಡ್ರಿ. ಒಂದು ಡಿಗ್ರಿ ಎನ್ನುವುದು ವಿಜಯಪುರದ ಮಧ್ಯಾಹ್ನದ ಲೆಕ್ಕವಲ್ಲ. ಸಮುದ್ರ, ಹಿಮ ಎಲ್ಲ ಸೇರಿ ಇಡೀ ಭೂಮಿಯ ಸರಾಸರಿ. ಹಿಮಯುಗದ ಕಡು ಚಳಿಗೂ ನಮ್ಮ ಮುತ್ತಜ್ಜಂದಿರ ಕಾಲಕ್ಕೂ ಇದ್ದ ಅಂತರವೇ ಸುಮಾರು ಐದಾರು ಡಿಗ್ರಿ!

ಈಗ ನಿಮ್ಮ ಶೆಡ್ಡಿಗೆ ಬರೋಣ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಹಾಗಾಗಿ ಮಳೆ ಬಂದರೆ ಒಮ್ಮೆಲೇ ಸುರಿಯುವ ಸಂಭವ ಜಾಸ್ತಿ. ಬಾರದಿದ್ದರೆ ಅದೇ ಗಾಳಿ ಹೊಲದ ತೇವವನ್ನೂ ಹೀರುತ್ತದೆ. ಬಲೆಯ ಮೇಲೆ ಅರ್ಧ ಒಣಗಿದ ದ್ರಾಕ್ಷಿಗೆ ಅಕಾಲಿಕ ಮಳೆ ತಾಗಿದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕೇ? ಬಣ್ಣ ಕಪ್ಪಾಯಿತು, ದರ ಬಿತ್ತು.

ಹಾಗಂತ ಪ್ರತಿ ಮಳೆಗೂ ಸುಮ್ನೆ ತಾಪಮಾನ ಏರಿಕೆಯನ್ನೇ ದೂರುವುದು ಸರಿಯಲ್ಲ. ಅಕಾಲಿಕ ಮಳೆ ಹಿಂದೆಯೂ ಇತ್ತು. ಬದಲಾಗಿರುವುದು ಗಾಳಿ. 1750ರ ಹೊತ್ತಿಗೆ ಅದರ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗ ಇಂಗಾಲದ ಡೈಆಕ್ಸೈಡ್, ಅಂದ್ರೆ ಭೂಮಿಯ ಶಾಖವನ್ನು ಹಿಡಿದಿಡುವ ಅನಿಲ, ಇತ್ತು. ಈಗ 420 ದಾಟಿದೆ. ಮುಖ್ಯ ಕಾರಣ ನಾವು ಸುಡುತ್ತಿರುವ ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್.