ಆ 47 ಡಾಲರ್ ಎಲ್ಲಿಂದ ಬಂತು

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ನ್ಯೂಜೆರ್ಸಿಗೆ ಬಂದು ಎರಡೇ ತಿಂಗಳು, ನಾಲ್ಕು ಜನ ಸೇರಿ ಕಾರು ಬಾಡಿಗೆಗೆ ತಗೊಂಡು ನಯಾಗರಾ ನೋಡಿ ಬಂದಿರಿ, ವಾಪಸ್ ಕೊಟ್ಟ ದಿನವೇ ಬಿಲ್ ಪೂರ್ತಿ ಕಟ್ಟಿದಿರಿ, ಈಗ ಮೂರು ವಾರ ಆದಮೇಲೆ ನಿನ್ನ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಯಾವುದೋ ಗೊತ್ತಿಲ್ಲದ ಹೆಸರಲ್ಲಿ 47 ಡಾಲರ್ ಹೋಗಿದೆ. ಯಾರಾದರೂ ಕಾರ್ಡ್ ಕದ್ದರಾ, ಬ್ಲಾಕ್ ಮಾಡಿಸಲಾ ಅಂತ ಕೇಳಿದ್ದೀಯ. ಗೋಣಿಕೊಪ್ಪದಲ್ಲಿರುವ ಅಮ್ಮನಿಗೆ ಹೇಳಿಲ್ಲ, ಗಾಬರಿ ಆಗುತ್ತಾರೆ ಅಂತಲೂ ಬರೆದಿದ್ದೀಯ.

ನಾನೀಗ ರಜೆಗೆ ಬಂದು ಸಿದ್ದಾಪುರದ ಮನೆಯಲ್ಲಿದ್ದೇನೆ. ಕಾಫಿ ಕುಯ್ಲು ನಡೀತಾ ಇದೆ, ಕಣದ ತುಂಬ ಕಾಫಿ ಹರಡಿದೆ. ಅಮೆರಿಕ ಸೇರಿ ಹದಿನಾಲ್ಕು ವರ್ಷ ಆಯಿತು. ಮೊದಲ ವರ್ಷ ಇಂಥದೇ ಒಂದು ಸಾಲು ನೋಡಿ ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಕಾರ್ಡ್ ಈಗಲೇ ಬ್ಲಾಕ್ ಮಾಡಬೇಡ. ನೀನು ಹೇಳಿದ್ದನ್ನು ನೋಡಿದರೆ ಅದು ಹೆಚ್ಚುಕಮ್ಮಿ ಟೋಲ್ ದುಡ್ಡೇ.

ನಮ್ಮಲ್ಲಿ ಮಾಂದಲಪಟ್ಟಿಗೆ ಜೀಪ್ ಮಾಡಿದರೆ ಮೊದಲೇ ರೇಟು ಮಾತಾಡುತ್ತೇವೆ, ಇಳಿದಮೇಲೆ ಡ್ರೈವರ್ ಕೈಗೆ ದುಡ್ಡು ಕೊಡುತ್ತೇವೆ, ಅಲ್ಲಿಗೆ ಮುಗೀತು. ಅಲ್ಲಿ ಹಾಗಲ್ಲ. ಕೀ ವಾಪಸ್ ಕೊಟ್ಟರೂ ಲೆಕ್ಕ ಮುಚ್ಚಿರುವುದಿಲ್ಲ. ಟೋಲ್, ಸಿಗ್ನಲ್ ಕ್ಯಾಮೆರಾದ ದಂಡ, ಕಮ್ಮಿ ಬಿದ್ದ ಪೆಟ್ರೋಲ್, ಕಾರಿನ ಗೀರು, ಹೀಗೆ ಆಮೇಲೆ ಬರುವ ಖರ್ಚನ್ನೆಲ್ಲ ನಿನ್ನ ಕಾರ್ಡಿಂದಲೇ ತಗೊಳ್ಳಬಹುದು ಅಂತ ಕೌಂಟರಿನಲ್ಲಿ ನೀನೇ ಸಹಿ ಹಾಕಿರುತ್ತೀಯ. ಆತುರದಲ್ಲಿ ಯಾರೂ ಓದುವುದಿಲ್ಲ, ನಾನೂ ಓದಿರಲಿಲ್ಲ.

ನಯಾಗರಾ ಕಡೆ ಹೋಗುವಾಗ ನ್ಯೂಯಾರ್ಕ್ ಥ್ರೂವೇ ಅನ್ನುವ ಟೋಲ್ ಹೆದ್ದಾರಿ ಮೇಲೆ ಹೋಗಿರುತ್ತೀರಿ ಅಲ್ವಾ? ಅಲ್ಲಿ 2020ರ ನವೆಂಬರ್‌ನಿಂದ ಕೈಯಲ್ಲಿ ದುಡ್ಡು ತಗೊಳ್ಳುವುದೇ ಇಲ್ಲ. ಬೂತೂ ಇಲ್ಲ, ಗೇಟೂ ಇಲ್ಲ. ರಸ್ತೆಗೆ ಅಡ್ಡವಾಗಿ ಮೇಲೊಂದು ಕಬ್ಬಿಣದ ಕಮಾನು, ಅದರಲ್ಲಿ ಕ್ಯಾಮೆರಾ. ಓಡುವ ಕಾರಿನ ನಂಬರ್ ಪ್ಲೇಟಿನ ಫೋಟೋ ತೆಗೆಯುತ್ತದೆ, ಅಷ್ಟೇ. ಮೈಸೂರು-ಬೆಂಗಳೂರು ರಸ್ತೆಯಲ್ಲಾದರೆ ಗೇಟಿನ ಹತ್ತಿರ ನಿಧಾನ ಮಾಡುತ್ತೇವೆ, ಫಾಸ್ಟ್ಯಾಗ್ ಮೆಸೇಜ್ ಬಂದುಬಿಡುತ್ತದೆ, ದುಡ್ಡು ಹೋಗಿದ್ದು ಗೊತ್ತಾಗುತ್ತದೆ. ಅಲ್ಲಿ ಟೋಲ್ ದಾಟಿದ್ದೇ ನಿನಗೆ ಗೊತ್ತಾಗಿರುವುದಿಲ್ಲ. ಪ್ಲೇಟು ಬಾಡಿಗೆ ಕಂಪನಿಯದು, ಹಾಗಾಗಿ ಬಿಲ್ ಅವರಿಗೆ ಹೋಗುತ್ತದೆ. ತುಂಬ ಕಂಪನಿಗಳು ಈ ಕೆಲಸವನ್ನು ಬೇರೆ ಸಂಸ್ಥೆಗೆ ವಹಿಸಿರುತ್ತವೆ. ಟೋಲ್ ಮೇಲೆ ಸೇವಾ ಶುಲ್ಕ ಸೇರಿಸಿ ನಿನ್ನ ಕಾರ್ಡಿಗೆ ಹಾಕುತ್ತಾರೆ. ಪ್ಲೇಟ್‌ಪಾಸ್, ಇ-ಟೋಲ್ ಇಂಥ ಹೆಸರುಗಳು ಕಾಣುವುದು ಅದಕ್ಕೇ. ಪಕ್ಕದಲ್ಲಿ ಬರುವ ಊರು ಆ ಸಂಸ್ಥೆಯ ಆಫೀಸ್ ಇರುವ ಊರು, ನೀನು ಹೋದ ಊರಲ್ಲ.

ಟೋಲ್‌ಗಿಂತ ಶುಲ್ಕವೇ ಜಾಸ್ತಿ ಆಗುವುದೂ ಉಂಟು. ಕೆಲವರು ಟೋಲ್ ದಾಟಿದ ದಿನಕ್ಕೆ ಮಾತ್ರ ಹಾಕುತ್ತಾರೆ, ಕೆಲವರು ಒಂದು ಸಲ ದಾಟಿದರೂ ಸಾಕು, ಬಾಡಿಗೆಗಿದ್ದ ಅಷ್ಟೂ ದಿನಕ್ಕೆ ಹಾಕುತ್ತಾರೆ. ನನಗೆ ಇದು ಅನ್ಯಾಯ ಅಂತಲೇ ಅನಿಸುತ್ತದೆ. ಆದರೆ ಸಹಿ ಹಾಕಿದ ಕಾಗದದಲ್ಲಿದ್ದರೆ ಅದನ್ನು ಕಳ್ಳತನ ಅನ್ನೋಕೆ ಆಗುವುದಿಲ್ಲ. ಮುಂದಿನ ಸಲ ನಿಂದೇ ಒಂದು ಇ-ಝಡ್‌ಪಾಸ್ ಮಾಡಿಸಿಕೋ, ನಮ್ಮ ಫಾಸ್ಟ್ಯಾಗ್ ಥರದ್ದು ಅದು. ಬಾಡಿಗೆ ಕಾರಿನ ನಂಬರನ್ನು ಆ ದಿನಗಳಿಗೆ ಮಾತ್ರ ಅದಕ್ಕೆ ಸೇರಿಸು, ವಾಪಸ್ ಕೊಟ್ಟಮೇಲೆ ಮರೆಯದೆ ತೆಗಿ. ಕಾರಿನ ಗಾಜಿಗೆ ಅವರದೇ ಟೋಲ್ ಪೆಟ್ಟಿಗೆ ಅಂಟಿಸಿದ್ದರೆ ಅದು ಮುಚ್ಚಿದೆಯಾ ನೋಡಿಕೋ.

ಈಗ ಮಾಡಬೇಕಾದ್ದು ಇಷ್ಟು. ಬಾಡಿಗೆ ಕಾಗದದಲ್ಲಿ ಅಗ್ರಿಮೆಂಟ್ ನಂಬರ್ ಇರುತ್ತದೆ. ಅದನ್ನು ಹಿಡಿದು ಕಂಪನಿಗೆ ಫೋನ್ ಮಾಡಿ, ಈ 47 ಡಾಲರ್‌ನಲ್ಲಿ ಟೋಲ್ ಎಷ್ಟು, ಶುಲ್ಕ ಎಷ್ಟು, ಯಾವ ದಿನ, ಎಷ್ಟು ಗಂಟೆಗೆ, ಯಾವ ಜಾಗ ಅಂತ ಬಿಡಿಸಿ ಈಮೇಲ್ ಮಾಡಿ ಅಂತ ಕೇಳು. ಇಂಗ್ಲಿಷ್ ತಡವರಿಸಿದರೂ ಪರವಾಗಿಲ್ಲ, ಸುಮ್ನೆ ಕೇಳು. ಬಂದಮೇಲೆ ಒಂದೊಂದು ಸಾಲಿನ ಸಮಯವನ್ನೂ ಕಾರು ತಗೊಂಡ, ಕೊಟ್ಟ ಸಮಯದ ಜೊತೆ ತಾಳೆ ನೋಡು.

ತಾಳೆ ನೋಡುವುದು ನನಗೆ ಬಂದಿದ್ದು ಅಪ್ಪನಿಂದ. ಅಪ್ಪ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಸಂಜೆ ಕಾಫಿ ಚೀಲ ತಕ್ಕಡಿಗೆ ಹಾಕಿದಾಗ ಮುಳ್ಳು ಅಲ್ಲಾಡುವುದು ನಿಲ್ಲುವ ತನಕ ಅವರು ಪೆನ್ನು ಮುಟ್ಟುತ್ತಿರಲಿಲ್ಲ. ನಿಂತಮೇಲೆ ಕುಯ್ದವರ ಎದುರೇ ಕಿಲೋ ಜೋರಾಗಿ ಓದಿ, ಅವರು ಹೂಂ ಅಂದಮೇಲೆ ಬರೆಯುತ್ತಿದ್ದರು. ಅಮೆರಿಕದಲ್ಲಿ ಒಂದು ಸಲ ನಾನು ಬೆಳಿಗ್ಗೆ ಕಾರು ವಾಪಸ್ ಕೊಟ್ಟಿದ್ದೆ. ಅದೇ ದಿನ ಸಂಜೆ ಸೇತುವೆ ದಾಟಿದ ಟೋಲ್ ನನ್ನ ಲೆಕ್ಕಕ್ಕೆ ಬಂತು. ನನ್ನ ನಂತರ ಅದೇ ಕಾರು ತಗೊಂಡವರದ್ದು. ವಾಪಸ್ ಕೊಟ್ಟ ಗಂಟೆ ಅಚ್ಚಾಗಿದ್ದ ಚೀಟಿ ನನ್ನ ಹತ್ತಿರ ಇತ್ತು, ಫೋಟೋ ಕಳಿಸಿದೆ, ದುಡ್ಡು ವಾಪಸ್ ಬಂತು. ಆವತ್ತಿನಿಂದ ಕಾರು ಕೊಡುವಾಗ ಪೆಟ್ರೋಲ್ ಮುಳ್ಳು, ಓಡಿದ ಮೈಲಿ, ನಾಲ್ಕೂ ಪಕ್ಕ, ಎಲ್ಲದರ ಫೋಟೋ ತೆಗೆದೇ ಇಳಿಯುತ್ತೇನೆ.

ಇನ್ನೊಂದು, 200 ಡಾಲರ್ ಪೆಂಡಿಂಗ್ ಅಂತ ಇದ್ದದ್ದು ಮಾಯವಾಯಿತು ಅಂದೆಯಲ್ಲ, ಅದು ಹೋದ ದುಡ್ಡಲ್ಲ. ಕಂಪನಿಯವರು ನಿನಗೆ ಕಾರು ಕೊಡುವಾಗ ಭದ್ರತೆಗೆ ಅಂತ ಅಷ್ಟು ಹಣವನ್ನು ತಡೆದಿಡುತ್ತಾರೆ, ಲೆಕ್ಕ ಆದಮೇಲೆ ಬಿಡುತ್ತಾರೆ. ಕ್ರೆಡಿಟ್ ಕಾರ್ಡ್ ಆದರೆ ಲಿಮಿಟ್ ಕಮ್ಮಿ ಆಗುತ್ತದೆ ಅಷ್ಟೇ. ಡೆಬಿಟ್ ಆದರೆ ನಿನ್ನ ಸ್ವಂತ ದುಡ್ಡೇ ಕೆಲವು ದಿನ ಕೈಗೆ ಸಿಗದೆ ಕೂರುತ್ತದೆ. ಮನೆ ಬಾಡಿಗೆ ಕಟ್ಟುವ ವಾರ ನನಗೆ ಹಾಗೇ ಆಗಿ ಗೆಳೆಯನ ಹತ್ತಿರ ಕೈಸಾಲ ಮಾಡಿದ್ದೆ. ಕಾರಿಗೆ ಡೆಬಿಟ್ ಕೊಡಲೇಬೇಡ.

ವಿವರ ಕೇಳಿದಮೇಲೂ ತಾಳೆ ಆಗದಿದ್ದರೆ, ಅಥವಾ ಕಂಪನಿಯೇ ಇದು ನಮ್ಮದಲ್ಲ ಅಂದರೆ, ಆಗ ತಡ ಮಾಡಬೇಡ, ಬ್ಯಾಂಕಿಗೆ ಹೇಳಿ ಕಾರ್ಡ್ ಬದಲಿಸು. ಕ್ರೆಡಿಟ್ ಕಾರ್ಡ್ ಆದರೆ, ಆ ಸಾಲು ಇರುವ ಮೊದಲ ಸ್ಟೇಟ್‌ಮೆಂಟ್ ಕಳಿಸಿದ 60 ದಿನದೊಳಗೆ ಬರಹದಲ್ಲಿ ತಕರಾರು ತಲುಪಬೇಕು. ತಕರಾರು ತಲುಪಿದೆ ಅಂತ ಬ್ಯಾಂಕ್ 30 ದಿನದೊಳಗೆ ಬರಹದಲ್ಲಿ ತಿಳಿಸಬೇಕು, ತನಿಖೆ ಮುಗಿಯುವ ತನಕ ಆ ಮೊತ್ತ ನೀನು ಕಟ್ಟಬೇಕಾಗಿಲ್ಲ. ಕದ್ದ ಬಳಕೆಯೇ ಆಗಿದ್ದರೆ ಕಾನೂನಿನ ಪ್ರಕಾರ ನಿನ್ನ ಮೇಲೆ 50 ಡಾಲರ್‌ಗಿಂತ ಜಾಸ್ತಿ ಬೀಳುವುದಿಲ್ಲ. ಆದರೆ ಸರಿಯಾದ ಟೋಲ್‌ಗೇ ತಕರಾರು ಹಾಕಿದರೆ ಮುಂದೆ ಆ ಕಂಪನಿ ಕಾರು ಕೊಡದೆ ಇರಬಹುದು. ಅದಕ್ಕೇ ಮೊದಲು ವಿವರ ಕೇಳು ಅಂದಿದ್ದು.

ನಿಮ್ಮ ಟೋಲ್ ಬಾಕಿ ಇದೆ ಅಂತ ಫೋನಿಗೆ ಲಿಂಕ್ ಸಮೇತ ಮೆಸೇಜ್ ಬಂದರೆ ಮಾತ್ರ ಮುಟ್ಟಬೇಡ. ಅಂಥ ಮೋಸ ಜಾಸ್ತಿ ಆಗಿದೆ ಅಂತ ಎಫ್‌ಬಿಐ 2024ರಲ್ಲೇ ಎಚ್ಚರಿಸಿದೆ.

ವಿವರ ಬಂದಮೇಲೆ ಕಾರ್ಡ್ ನಂಬರ್ ಮುಚ್ಚಿ ನನಗೆ ಕಳಿಸು, ಇಬ್ಬರೂ ಕೂತು ನೋಡೋಣ. ಇಲ್ಲಿ ರಾತ್ರಿ ಎಂಟಾದರೆ ನಿನಗೆ ಬೆಳಿಗ್ಗೆ ಒಂಬತ್ತೂವರೆ, ಆ ಹೊತ್ತಿಗೆ ನಾನು ಎದ್ದಿರುತ್ತೇನೆ. ಭಾನುವಾರ ಗೋಣಿಕೊಪ್ಪಕ್ಕೆ ಹೋಗುವುದಿದೆ, ಅಮ್ಮನಿಗೆ ಏನಾದರೂ ತಲುಪಿಸುವುದಿದ್ದರೆ ಅದರೊಳಗೆ ಹೇಳು.