ಮುಸುಕಿನೊಳಗಿನ ಚಿತ್ರಕಾರ

ಪ್ರಶ್ನೆ: ಅಮೆರಿಕದ ಚಿತ್ರಕಾರ ಫಿಲಿಪ್ ಗಸ್ಟನ್ ಅಮೂರ್ತ ಕಲೆಯಲ್ಲಿ ಹೆಸರು ಮಾಡಿದ ಮೇಲೆ, ಮಕ್ಕಳ ಕಾಮಿಕ್ಸಿನಂಥ ಒರಟು ಚಿತ್ರಗಳನ್ನು ಬರೆಯತೊಡಗಿದರೆಂದೂ ಅದು ಅವರ ರಾಜಕೀಯ ಪ್ರತಿಭಟನೆಯಾಗಿತ್ತೆಂದೂ ಓದಿದೆ. ಪ್ರತಿಭಟಿಸಲು ಶೈಲಿಯನ್ನೇ ಬದಲಿಸಬೇಕಿತ್ತೇ? ವಿಷಯವನ್ನು ಬದಲಿಸಿದ್ದರೆ ಸಾಲದಿತ್ತೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಮೊದಲಿಗೆ ಒಂದು ಮಾತು: ಗಸ್ಟನ್ 1960ರ ದಶಕದ ಕೊನೆಯಲ್ಲಿ ರಾಜಕೀಯದ ಕಡೆಗೆ ಹೊಸದಾಗಿ ಬಂದವರಲ್ಲ, ಮರಳಿ ಬಂದವರು. 1913ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ವಲಸಿಗ ಯಹೂದಿ ದಂಪತಿಗಳಿಗೆ ಹುಟ್ಟಿ ಲಾಸ್ ಏಂಜಲೀಸ್‌ನಲ್ಲಿ ಬೆಳೆದ ಅವರು, ಕರಿಯರನ್ನೂ ಯಹೂದಿಗಳನ್ನೂ ದ್ವೇಷಿಸುತ್ತಿದ್ದ ಕು ಕ್ಲಕ್ಸ್ ಕ್ಲಾನ್‌ನ ಮುಸುಕುಧಾರಿಗಳನ್ನು 1930ರಷ್ಟು ಹಿಂದೆಯೇ ಚಿತ್ರಿಸಿದ್ದರು. ಒಂಬತ್ತು ಮಂದಿ ಕರಿಯ ಹುಡುಗರನ್ನು ಅತ್ಯಾಚಾರದ ಸುಳ್ಳು ಆರೋಪದಲ್ಲಿ ಸಿಕ್ಕಿಸಿದ ಸ್ಕಾಟ್ಸ್‌ಬರೋ ಮೊಕದ್ದಮೆಯ ಬಗ್ಗೆ ಅವರು ಬರೆದ ಭಿತ್ತಿಫಲಕಗಳು 1933ರಲ್ಲಿ ಪೊಲೀಸ್ ದಾಳಿಗೆ ಸಿಕ್ಕಿ ಹಾಳಾದವು. ಮರುವರ್ಷ ಗೆಳೆಯ ರೂಬೆನ್ ಕ್ಯಾಡಿಷ್ ಅವರೊಡನೆ ಮೆಕ್ಸಿಕೋದ ಮೊರೇಲಿಯಾಕ್ಕೆ ಹೋಗಿ, ಹಿಂಸೆಯ ವಿರುದ್ಧದ ಹೋರಾಟವನ್ನೇ ವಸ್ತುವಾಗಿಸಿಕೊಂಡ ದೊಡ್ಡ ಭಿತ್ತಿಚಿತ್ರವನ್ನು ಬರೆದರು.

ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಆ ತಾರುಣ್ಯದ ಚಿತ್ರಗಳ ಕೊರತೆಯಲ್ಲಿ. ಇಟಲಿಯ ಪುನರುತ್ಥಾನ ಕಾಲದ ಕಲಾವಿದರನ್ನು ಆರಾಧಿಸುತ್ತಿದ್ದ ಗಸ್ಟನ್, ಮುಸುಕಿನ ಒಂದೊಂದು ಮಡಿಕೆಯನ್ನೂ ಕಲ್ಲಿನಲ್ಲಿ ಕಡೆದಂತೆ ತಿದ್ದುತ್ತಿದ್ದರು. ಹಾಗಾಗಿ ಕೊಲೆಗಡುಕರಿಗೂ ಒಂದು ಘನತೆ ಬಂದುಬಿಡುತ್ತಿತ್ತು, ಮೇಲಾಗಿ ಅಪರಾಧಿಗಳೆಲ್ಲ ಗೋಡೆಯ ಮೇಲಿದ್ದರೆ ಬರೆದವರೂ ನೋಡುವವರೂ ಈಚೆ ಬದಿಯಲ್ಲಿ ನಿರಾಳವಾಗಿ ಉಳಿಯುತ್ತಿದ್ದರು.

1950ರ ದಶಕದಲ್ಲಿ ನ್ಯೂಯಾರ್ಕಿನ ಅಮೂರ್ತ ಅಭಿವ್ಯಕ್ತಿವಾದಿಗಳ ಮುಂಚೂಣಿಯಲ್ಲಿದ್ದ ಅವರ ಕ್ಯಾನ್ವಾಸುಗಳಲ್ಲಿ ಗುಲಾಬಿ, ಕೆಂಪು, ಬೂದು ಬಣ್ಣಗಳ ನಡುಗುವ ಕುಂಚದೆಳೆಗಳಷ್ಟೇ ಇದ್ದವು. ವಿಯೆಟ್ನಾಂ ಯುದ್ಧ ಮುಂದುವರಿದಿರುವಾಗ, 1968ರಲ್ಲಿ ಷಿಕಾಗೋದ ಬೀದಿಗಳಲ್ಲಿ ಪೊಲೀಸರು ಯುದ್ಧವಿರೋಧಿಗಳನ್ನು ಬಡಿಯುತ್ತಿರುವಾಗ, ಮನೆಯಲ್ಲಿ ಕೂತು ಪತ್ರಿಕೆ ಓದಿ ಕುದಿದು, ಅನಂತರ ಸ್ಟುಡಿಯೋಗೆ ಹೋಗಿ ಒಂದು ಕೆಂಪನ್ನು ಒಂದು ನೀಲಿಗೆ ಹೊಂದಿಸುವ ತಾನು ಎಂಥ ಮನುಷ್ಯ ಎಂದು ಅವರು ತಮ್ಮನ್ನೇ ಕೇಳಿಕೊಂಡರು.

1969ರ ‘ದಿ ಸ್ಟುಡಿಯೋ’ ಚಿತ್ರವನ್ನು ನೋಡಿ. ಕ್ಲಾನ್‌ನ ಮುಸುಕು ಹಾಕಿದ ಒಬ್ಬ ವ್ಯಕ್ತಿ ಕೂತಿದ್ದಾನೆ, ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಸೀಳುಗಳಷ್ಟೇ ಇವೆ, ಮುಸುಕಿನ ಮೇಲೆ ರಕ್ತವೋ ಬಣ್ಣವೋ ಎಂದು ಹೇಳಲಾಗದ ಕೆಂಪು ಚುಕ್ಕೆಗಳಿವೆ. ಒಂದು ಕೈಯಲ್ಲಿ ಸಿಗರೇಟು, ಇನ್ನೊಂದರಲ್ಲಿ ಕುಂಚ ಹಿಡಿದು ಅವನು ಬರೆಯುತ್ತಿರುವುದು ಮುಸುಕು ಹಾಕಿದ ತನ್ನದೇ ಚಿತ್ರವನ್ನು. ಮೇಲೊಂದು ಬರಿಯ ಬಲ್ಬು ತೂಗುತ್ತಿದೆ. ಗಸ್ಟನ್ ಬಾಲ್ಯದಲ್ಲಿ ಬಟ್ಟೆ ಇಡುವ ಗೂಡಿನೊಳಗೆ ಸೇರಿಕೊಂಡು ಚಿತ್ರ ಬರೆಯುತ್ತಿದ್ದದ್ದು ಅಂಥದೇ ಬಲ್ಬಿನ ಬೆಳಕಿನಲ್ಲಿ. ಸುಮಾರು ನಲವತ್ತು ವರ್ಷ ಹಿಂದೆ ಎದುರಾಳಿಯಾಗಿದ್ದ ಮುಸುಕನ್ನು ಈಗ ಚಿತ್ರಕಾರ ತಾನೇ ತೊಟ್ಟಿದ್ದಾನೆ. ಹಳೆಯ ಕುಸುರಿಯಲ್ಲಿ ಇದನ್ನು ಬರೆದಿದ್ದರೆ ಅದು ಗಂಭೀರ ಪಾಪನಿವೇದನೆಯಾಗಿ ಕೊನೆಗೆ ಆತ್ಮಪ್ರಶಂಸೆಯ ವಾಸನೆ ಹೊಡೆಯುತ್ತಿತ್ತು. ದಪ್ಪ ಬೆರಳು, ಪೆದ್ದು ಸಿಗರೇಟಿನ ಈ ಕಾಮಿಕ್ಸ್ ಗೆರೆಯಲ್ಲಿ ಮಾತ್ರ ದುಷ್ಟತನ ಎಷ್ಟು ಸಾಮಾನ್ಯ, ಎಷ್ಟು ಮನೆಮಟ್ಟಿನದು ಎಂಬುದು ಕಾಣುತ್ತದೆ. ಆದ್ದರಿಂದ ಶೈಲಿ ಬದಲಾಗದೆ ಈ ವಿಷಯವನ್ನು ಹೇಳುವುದು ಸಾಧ್ಯವಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

1970ರ ಅಕ್ಟೋಬರಿನಲ್ಲಿ ಮಾರ್ಲ್‌ಬರೋ ಗ್ಯಾಲರಿಯಲ್ಲಿ ಈ ಚಿತ್ರಗಳು ಪ್ರದರ್ಶನಗೊಂಡಾಗ ‘ನ್ಯೂಯಾರ್ಕ್ ಟೈಮ್ಸ್’ನ ಕಲಾವಿಮರ್ಶಕ ಹಿಲ್ಟನ್ ಕ್ರೇಮರ್, ಇದು ಪಂಡಿತನೊಬ್ಬ ಹಾಕಿದ ಪೆದ್ದನ ವೇಷ ಎಂಬರ್ಥದಲ್ಲಿ ಹಂಗಿಸಿದರು. ಸಂಗೀತ ಸಂಯೋಜಕ ಮಾರ್ಟನ್ ಫೆಲ್ಡ್‌ಮನ್ ಅವರ ಗೆಳೆತನ ಮುರಿದುಬಿತ್ತು. ಬೆನ್ನಿಗೆ ನಿಂತ ಕೆಲವೇ ಕಲಾವಿದರಲ್ಲಿ ವಿಲೆಮ್ ಡಿ ಕೂನಿಂಗ್ ಒಬ್ಬರು. ಗಸ್ಟನ್ ಹಿಂದೆ ಸರಿಯಲಿಲ್ಲ: 1971ರಲ್ಲಿ ಅಧ್ಯಕ್ಷ ನಿಕ್ಸನ್‌ರನ್ನು ಗೇಲಿ ಮಾಡುವ ‘ಪೂರ್ ರಿಚರ್ಡ್’ ಸರಣಿಯನ್ನು ಬರೆದರು, ರಾಜೀನಾಮೆಯ ಬಳಿಕ 1975ರಲ್ಲಿ, ಊದಿಕೊಂಡ ಭಾರೀ ಕಾಲನ್ನು ಎಳೆದುಕೊಂಡು ಕಣ್ಣೀರಿಡುವ ನಿಕ್ಸನ್‌ರನ್ನು ‘ಸ್ಯಾನ್ ಕ್ಲೆಮೆಂಟೆ’ ಎಂಬ ದೊಡ್ಡ ತೈಲಚಿತ್ರದಲ್ಲಿ ನಿಲ್ಲಿಸಿದರು.

ಪ್ರಶ್ನೆ: ವರ್ಣದ್ವೇಷವನ್ನು ಖಂಡಿಸುವ ಇದೇ ಚಿತ್ರಗಳ ಪ್ರದರ್ಶನವನ್ನು 2020ರಲ್ಲಿ ಮುಂದೂಡಿದ್ದೇಕೆ?
– ಓದುಗರೊಬ್ಬರು, ಮೈಸೂರು

ಉತ್ತರ: ಕರಿಯ ಅಮೆರಿಕನ್ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಹತ್ಯೆಯಾದ ನಂತರದ ತಿಂಗಳುಗಳವು, ಮುಸುಕಿನ ಚಿತ್ರಗಳು ತಪ್ಪು ಅರ್ಥ ಪಡೆಯಬಹುದೆಂಬ ಅಳುಕಿನಿಂದ ವಾಷಿಂಗ್ಟನ್, ಬಾಸ್ಟನ್, ಹ್ಯೂಸ್ಟನ್ ಮತ್ತು ಲಂಡನ್ನಿನ ನಾಲ್ಕು ಸಂಗ್ರಹಾಲಯಗಳು ಪ್ರದರ್ಶನವನ್ನು 2024ಕ್ಕೆ ದೂಡಿದವು. ಕರಿಯ ಕಲಾವಿದರೂ ಸೇರಿದಂತೆ ಬಹಳ ಮಂದಿ ಬಹಿರಂಗ ಪತ್ರ ಬರೆದು ಆಕ್ಷೇಪಿಸಿದ ಮೇಲೆ 2022ರಲ್ಲಿಯೇ ಬಾಸ್ಟನ್ನಿನಲ್ಲಿ ಪ್ರದರ್ಶನ ಶುರುವಾಯಿತು. ಸಂಗ್ರಹಾಲಯಗಳ ಆತಂಕವನ್ನು ಪೂರ್ತಿ ತಳ್ಳಿಹಾಕಲಾರೆ. ಆ ಮುಸುಕನ್ನು ಕಂಡು ಅಜ್ಜಂದಿರ ಕಾಲದ ಭಯ ನೆನಪಾಗುವ ಮನೆಗಳು ಅಲ್ಲಿ ಈಗಲೂ ಇವೆ. ಆದರೂ ಬಾಸ್ಟನ್ನಿನವರು ಮುಸುಕಿನ ಚಿತ್ರಗಳನ್ನು ನೋಡಬಯಸದವರು ದಾಟಿ ಹೋಗಲೆಂದು ಬೇರೊಂದು ದಾರಿಯನ್ನೇ ಬಿಟ್ಟಿದ್ದರು, ನೋಡಿಯೂ ಮುಂದೆ ಸಾಗುವ ಮನುಷ್ಯನ ಬಗ್ಗೆಯೇ ಬರೆದ ಚಿತ್ರಗಳಿಗೆ.