ಅಪ್ರೈಸಲ್‌ಗೆ ಇಡೀ ವರ್ಷದ ಕಮಿಟ್‌ಗಳ ಸಾರಾಂಶ ಬೇಕು, ಯಾವ ಕಮಾಂಡ್‌ಲೈನ್ ಟೂಲ್ ಒಳ್ಳೆಯದು?

ಒಂದು ಮಾರ್ಚ್ ತಿಂಗಳ ರಾತ್ರಿ ನಾನೂ ಇದನ್ನೇ ಹುಡುಕುತ್ತಾ ಕೂತಿದ್ದೆ. ಬೆಳಗಾದರೆ ಫಾರ್ಮ್ ಕೊಡಬೇಕು, ವರ್ಷವಿಡೀ ಮಾಡಿದ ಕೆಲಸ ಅರ್ಧ ಮರೆತೇ ಹೋಗಿದೆ. ಕೋಡ್ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಉಳಿಸಿದ ಒಂದೊಂದು ಬದಲಾವಣೆಯೂ ಒಂದು ಕಮಿಟ್. ಅವುಗಳ ಪಟ್ಟಿ ಕೊಡುವ ಗಿಟ್ ಲಾಗ್‌ನಲ್ಲಿ ಆಥರ್ (ಕಮಿಟ್ ಬರೆದವರು) ಜಾಗಕ್ಕೆ ಆಫೀಸ್ ಇಮೇಲ್ ಕೊಟ್ಟೆ, ಹಿಂದಿನ ಏಪ್ರಿಲ್‌ನಿಂದ ತೆಗೆದೆ, ಬಂದಿದ್ದನ್ನು ತಿಂಗಳುವಾರು ಜೋಡಿಸಿ ಫಾರ್ಮ್‌ಗೆ ಹಾಕಿ ಮಲಗಿದೆ.

ಮೀಟಿಂಗ್‌ನಲ್ಲಿ ಮ್ಯಾನೇಜರ್ ಕೇಳಿದರು, "ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಎರಡೇ ಕಮಿಟ್ ಇದೆಯಲ್ಲ?" ಆ ಮೂರು ತಿಂಗಳು ನಾನು ಪೇಮೆಂಟ್ ಕೆಲಸದಲ್ಲಿ ಮುಳುಗಿದ್ದೆ. ವರ್ಷದಲ್ಲೇ ದೊಡ್ಡ ಕೆಲಸ ಅದು. ನನಗೆ ಮಾತೇ ಹೊರಡಲಿಲ್ಲ.

ಆಗಿದ್ದು ಇಷ್ಟು. ಆಗಸ್ಟ್‌ನಲ್ಲಿ ಹೊಸ ಲ್ಯಾಪ್‌ಟಾಪ್ ಬಂತು, ಅದರಲ್ಲಿ ಗಿಟ್‌ಗೆ ಇಮೇಲ್ ಸೆಟ್ ಮಾಡಿರಲಿಲ್ಲ. ಸೆಟ್ ಮಾಡದಿದ್ದರೆ ಗಿಟ್ ಎಷ್ಟೋ ಸಲ ಲಾಗಿನ್ ಹೆಸರಿಗೆ ಮಷಿನ್ ಹೆಸರು ಸೇರಿಸಿ ತಾನೇ ಒಂದು ಇಮೇಲ್ ಮಾಡಿಕೊಳ್ಳುತ್ತದೆ. ನನ್ನದರ ಕೊನೆಯಲ್ಲಿ 'ಮ್ಯಾಕ್‌ಬುಕ್-ಪ್ರೊ.ಲೋಕಲ್' ಅಂತಿತ್ತು. ಕಮಿಟ್ ಮಾಡುವಾಗ ಇದನ್ನು ಹೇಳುತ್ತದೆ ಕೂಡ, ನಾನು ಓದಿರಲಿಲ್ಲ. ಆಥರ್ ಫಿಲ್ಟರ್ ನೋಡುವುದು ಕಮಿಟ್ ಒಳಗಿರುವ ಹೆಸರು, ಇಮೇಲ್ ಮಾತ್ರ. ಯಾವ ಅಕೌಂಟ್‌ನಿಂದ ಪುಶ್ ಮಾಡಿದಿರಿ (ಸರ್ವರ್‌ಗೆ ಕಳಿಸಿದಿರಿ) ಅನ್ನುವುದು ಅದಕ್ಕೆ ಬೇಕಿಲ್ಲ. ಸಿಕ್ಕ ಆ ಎರಡು ಕಮಿಟ್ ಬ್ರೌಸರ್‌ನಲ್ಲೇ ಎಡಿಟ್ ಮಾಡಿದ್ದವು, ಅದಕ್ಕೇ ಅವುಗಳಲ್ಲಿ ಆಫೀಸ್ ಇಮೇಲ್ ಇತ್ತು. ನವೆಂಬರ್‌ನಲ್ಲಿ ಟೀಮ್‌ನ ಸೆಟಪ್ ಸ್ಕ್ರಿಪ್ಟ್ ಓಡಿಸಿದಾಗ ಇಮೇಲ್ ಸರಿಯಾಯಿತು, ಹಾಗಾಗಿ ಹಿಂದಿನದು ಗಮನಕ್ಕೇ ಬರಲಿಲ್ಲ. ಕಮಿಟ್‌ಗಳೆಲ್ಲ ರೆಪೋದಲ್ಲೇ (ಪ್ರಾಜೆಕ್ಟ್‌ನ ಕೋಡ್ ಇರುವ ಜಾಗ) ಇದ್ದವು, ಬೇರೆ ಯಾರೋ ಮಾಡಿದ ಹಾಗೆ!

ಅದಕ್ಕೇ, ಯಾವ ಟೂಲ್ ಹಾಕುವ ಮೊದಲೂ ಗಿಟ್ ಶಾರ್ಟ್‌ಲಾಗ್ ಅನ್ನು ಎಸ್, ಎನ್, ಇ ಫ್ಲ್ಯಾಗ್‌ಗಳ ಜೊತೆ (git shortlog -s -n -e) ಓಡಿಸಿ, ಯಾವ ಹೆಸರು-ಇಮೇಲ್‌ನಲ್ಲಿ ಎಷ್ಟು ಕಮಿಟ್ ಇದೆ ಅಂತ ತೋರಿಸುತ್ತದೆ. ಆಲ್ (--all) ಕೂಡ ಸೇರಿಸಿ, ಇಲ್ಲದಿದ್ದರೆ ಈಗಿರುವ ಬ್ರಾಂಚ್ ಮಾತ್ರ ಬರುತ್ತದೆ. ನಿಮ್ಮ ಹೆಸರಿಗೆ ಎರಡು ಇಮೇಲ್ ಕಂಡರೆ ಎರಡೂ ಒಬ್ಬರದೇ ಅಂತ ಗಿಟ್‌ಗೆ ಹೇಳುವ ಮೇಲ್‌ಮ್ಯಾಪ್ (.mailmap) ಫೈಲ್‌ನಲ್ಲಿ ಒಂದು ಸಾಲು ಬರೆದರೆ ಸಾಕು, ಹಳೇ ಕಮಿಟ್ ಮುಟ್ಟಬೇಕಾಗಿಲ್ಲ. ಟೂಲ್‌ಗಳ ಪೈಕಿ, ಹಿಂದಿನ ಕೆಲಸದ ದಿನದ ಕಮಿಟ್ ತೋರಿಸುವ ಗಿಟ್-ಸ್ಟ್ಯಾಂಡಪ್ ದಿನದ ಮೀಟಿಂಗ್‌ಗೆ ಚೆನ್ನಾಗಿದೆ, ಸೋಮವಾರ ಓಡಿಸಿದರೆ ಶುಕ್ರವಾರದ ಕೆಲಸ ತೋರಿಸುತ್ತದೆ.

ಆದರೆ ಅಪ್ರೈಸಲ್‌ಗೆ ಟೂಲ್ ಹುಡುಕುವುದೇ ತಪ್ಪು ಅಂತ ನನಗೆ ಅನಿಸುತ್ತದೆ. ಆ ಪೇಮೆಂಟ್ ಕೆಲಸದಲ್ಲಿ ಒಂಬತ್ತು ದಿನ ಲಾಗ್ ಜಾಲಾಡಿ ಕೊನೆಗೆ ಬದಲಾಯಿಸಿದ್ದು ಒಂದೇ ಸಾಲು, ಟೈಮ್‌ಔಟ್ 5 ಸೆಕೆಂಡ್ ಇದ್ದದ್ದು 30. ಆ ಒಂಬತ್ತು ದಿನ ಯಾವ ಸಾರಾಂಶದಲ್ಲಿ ಬರುತ್ತೆ ಹೇಳಿ? ಈಗ ಸಂಜೆ ಲ್ಯಾಪ್‌ಟಾಪ್ ಮುಚ್ಚುವ ಮೊದಲು ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಒಂದು ಸಾಲು ಬರೆದಿಡುತ್ತೇನೆ. ನಿನ್ನೆಯದು: "ಹೊಸ ಹುಡುಗಿಗೆ ಡಿಪ್ಲಾಯ್ ತೋರಿಸಿದೆ, ಮೂರು ಗಂಟೆ. ಕಮಿಟ್ ಇಲ್ಲ."